ನಾನೂರು ಗ್ರಾಂ

ಬೇಸಿಗೆ ರಜೆಗೆಂದು ತಾಯಿಯ ತವರೂರು ಅಗಳಿಗೆ ಹೋಗಿದ್ದ ಮೊಮ್ಮಗಳು ರಾಯದುರ್ಗಕ್ಕೆ ವಾಪಸು ಬಂದ ಮರುದಿನವೇ ಉಜ್ಜಿನಮ್ಮ ಅವಳನ್ನು ಒಲೆಯ ಮುಂದೆ ಕೂರಿಸಿ ರೊಟ್ಟಿ ತಟ್ಟಲು ಹಚ್ಚಿದಳು. ಹದಿಮೂರು ತುಂಬಿದರೂ ರಾಧಿಕಾಳಿಗೆ ರೊಟ್ಟಿ ದುಂಡಗೆ ಬರುವುದಿಲ್ಲ ಎಂಬುದು ಅಜ್ಜಿಯ ದೊಡ್ಡ ಕೊರಗು. ಹುಡುಗಿ ಹಿಟ್ಟು ನಾದಿದಳು, ಉಂಡೆ ಕಟ್ಟಿದಳು, ತಟ್ಟಲು ಶುರುಮಾಡಿ ಎರಡನೆಯ ಏಟಿಗೇ ಕೈ ಎಳೆದುಕೊಂಡಳು.

"ಕೈ ತೋರ್ಸು ಇಲ್ಲಿ," ಅಂದಳು ಅಜ್ಜಿ.

"ಏನಿಲ್ಲಜ್ಜಿ. ಬಿದ್ದೆ."

"ಬಿದ್ರ ಅಂಗೈ ತರೀತಾವು. ಗೆಣ್ಣು ಹ್ಯಾಂಗ ಊದ್ಯಾವು?"

ಪ್ಯಾಂಟ್ ಹೊಲಿಯುವ ಶೆಡ್ಡಿನಿಂದ ಮಧ್ಯಾಹ್ನದ ಊಟಕ್ಕೆ ಬಂದಿದ್ದ ಮಾರೇಶ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದ. ದಿನವಿಡೀ ಜೀನ್ಸ್ ಬಟ್ಟೆ ಕತ್ತರಿಸಿ ಉಗುರಿನ ಬುಡಕ್ಕೆ ಇಳಿದಿದ್ದ ನೀಲಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಮಗಳ ಉತ್ತರ ತಡವಾದದ್ದು ಗಮನಿಸಿ ಅವನೂ ಬಾಗಿಲಿಗೆ ಬಂದು ನಿಂತ.

"ಬಾಕ್ಸಿಂಗ್ ಕಲಿಯಾಕ ಹೋಗಿದ್ದೆ," ಅಂದಳು ರಾಧಿಕಾ. "ಮಡಕಶಿರದಾಗ. ಅಗಳಿ ಚಿನ್ನಕ್ಕಜ್ಜಿ ಬಸ್ ಚಾರ್ಜ್ ಕೊಡ್ತಿದ್ರು."

"ಯಾರು ಕಲ್ಸಿದ್ರು?"

ಹುಡುಗಿ ಅಪ್ಪನ ಮುಖ ನೋಡಿದಳು. "ಲಕ್ಷ್ಮೀನರಸಪ್ಪ ಸಾರು."

ಹಂಚಿನ ಮೇಲಿದ್ದ ರೊಟ್ಟಿ ಸೀಯುವ ವಾಸನೆ ಬಂತು. ಉಜ್ಜಿನಮ್ಮ ಅದನ್ನು ತೆಗೆಯಲಿಲ್ಲ. ಹೊರಗೆ ಜಗುಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ ಅಜ್ಜ ಬೋರಪ್ಪ ತಲೆಯೆತ್ತಿ, "ಏನಂದ್ಳು ಅಕಿ?" ಅಂದ. ಅವನಿಗೆ ಕೇಳಿಸಿತ್ತು.

ಆ ಹೆಸರನ್ನು ಬೈಗುಳದ ಜೊತೆಯಲ್ಲದೆ ಈ ಮನೆಯಲ್ಲಿ ಯಾರೂ ಹದಿನೇಳು ವರ್ಷಗಳಿಂದ ಹೇಳಿರಲಿಲ್ಲ.

ಲಕ್ಷ್ಮೀನರಸಪ್ಪ ಆಗ ರಾಯದುರ್ಗದ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಪ್ರಾಯದಲ್ಲಿ ತಾವೇ ರಿಂಗಿಗೆ ಇಳಿದು, ಭುಜ ಕಳಚಿಕೊಂಡು ಅರ್ಧಕ್ಕೆ ಬಿಟ್ಟವರು. ಕುರಿ ಹಿಂದೆ ಓಡಾಡುತ್ತಿದ್ದ ಮಾರೇಶನ ಎಡಗೈಯನ್ನು ಮೊದಲು ಕಂಡವರು ಅವರೇ. ಹದಿನೆಂಟರ ಹೊತ್ತಿಗೆ ಐವತ್ತೇಳು ಕಿಲೋ ತೂಕದ ವರ್ಗದಲ್ಲಿ ಅವನನ್ನು ಜಿಲ್ಲೆಯಲ್ಲಿ ಯಾರೂ ಮೂರು ಸುತ್ತು ತಡೆದವರಿರಲಿಲ್ಲ. ಅನಂತಪುರದಲ್ಲಿ ರಾಜ್ಯಮಟ್ಟದ ಆಯ್ಕೆ ಬಂತು. ಅಲ್ಲಿ ಗೆದ್ದರೆ ನ್ಯಾಷನಲ್ಸು, ಅದರಾಚೆ ರೈಲ್ವೆಯಲ್ಲಿ ನೌಕರಿ ಎಂದು ಊರೆಲ್ಲ ಆಡಿಕೊಂಡಿತ್ತು. ಆದರೆ ಆ ದಿನ ರಿಂಗಿಗೆ ಇಳಿದವನು ಮಾರೇಶನಲ್ಲ, ಪಟ್ಟಿಯಲ್ಲಿ ಎರಡನೆಯ ಹೆಸರಿದ್ದ ಓಬುಲೇಶ. ಓಬುಲೇಶನ ಅಪ್ಪನಿಗೆ ಎರಡು ಲಾರಿಗಳಿದ್ದವು. ಮೇಷ್ಟ್ರು ದುಡ್ಡು ತಿಂದರು ಎಂದು ಮನೆ ತೀರ್ಮಾನಿಸಿತು, ಬೀದಿ ಒಪ್ಪಿತು. ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳು ಸಾಲುಗಟ್ಟಿ ನಿಂತಿದ್ದಾಗ ಬೋರಪ್ಪ ಒಳಗೆ ನುಗ್ಗಿ ಕಾಲಲ್ಲಿದ್ದ ಕೆರ ತೆಗೆದು ಮೇಷ್ಟ್ರ ಕೆನ್ನೆಗೆ ಹೊಡೆದ. ಸಂಜೆ ಉಜ್ಜಿನಮ್ಮ ಅವರ ಬಾಡಿಗೆ ಮನೆಯ ಬಾಗಿಲಿಗೆ ಮೂರು ಹಿಡಿ ಮಣ್ಣು ತೂರಿ, ಈ ಮನೆ ದೀಪ ಆರಲಿ ಎಂದು ಶಾಪ ಹಾಕಿ ಬಂದಳು. ಮೇಷ್ಟ್ರು ಮಡಕಶಿರಕ್ಕೆ ವರ್ಗ ಮಾಡಿಸಿಕೊಂಡು ಹೋದರು. ಎರಡು ವರ್ಷಕ್ಕೆ ಅವರ ಹೆಂಡತಿ ಮಂಜುಳ ಕಾಮಾಲೆಯಿಂದ ತೀರಿಕೊಂಡ ಸುದ್ದಿ ಬಂತು. "ಹೆತ್ತ ಹೊಟ್ಟಿ ಉರ್ದಿದ್ದು ಸುಮ್ನ ಹೋಗಲಿಲ್ಲ ನೋಡು," ಅಂದಿದ್ದಳು ಉಜ್ಜಿನಮ್ಮ. ಅಂದವಳು ಆ ದಿನ ಊಟ ಮಾಡಿರಲಿಲ್ಲ.

ನಡೆದದ್ದು ಬೇರೆ ಎಂಬುದು ಮಾರೇಶನಿಗೆ ಗೊತ್ತಿತ್ತು.

ಅನಂತಪುರಕ್ಕೆ ಹೊರಡುವ ಹಿಂದಿನ ದಿನ ಅವನ ಹೆಸರಿನಲ್ಲಿ ಬಿಟ್ಟಿದ್ದ ಟಗರನ್ನು ಮಾರೆಮ್ಮನಿಗೆ ಒಪ್ಪಿಸಿದ್ದರು. ಯಾರ ಹೆಸರಿಗೆ ಹರಕೆಯೋ ಅವರು ಮೊದಲ ತುತ್ತು ತಿಂದ ಮೇಲೆಯೇ ಉಳಿದವರು ಕೈ ಇಡಬೇಕು. ಒಂದು ತುತ್ತು ಸಾಕು. ಎರಡು ದಿನದಿಂದ ಅರ್ಧ ಚಪಾತಿ, ಬಾಯಿ ಒದ್ದೆಯಾಗುವಷ್ಟು ನೀರು, ತೂಕ ಏರದಂತೆ ಅಷ್ಟರಲ್ಲೇ ಇರಬೇಕೆಂದು ಮೇಷ್ಟ್ರು ಹೇಳಿದ್ದರು. ಅಮ್ಮ ಇಟ್ಟ ಮುದ್ದೆಯನ್ನು ಮಾರೇಶ ಪೂರ್ತಿ ಉಂಡ. ಆಮೇಲೆ ಇನ್ನೊಂದು ಮುದ್ದೆ ಉಂಡ, ಮೇಲೆ ಎರಡು ಚೊಂಬು ನೀರು ಕುಡಿದ. ಬೆಳಿಗ್ಗೆ ಅನಂತಪುರದಲ್ಲಿ ತೂಕದ ಯಂತ್ರದ ಮೇಲೆ ನಿಂತಾಗ ಐವತ್ತೇಳು ಕಿಲೋ ನಾನೂರು ಗ್ರಾಂ, ಮಿತಿಗಿಂತ ನಾನೂರು ಗ್ರಾಂ ಹೆಚ್ಚು. ಇಳಿಸಿಕೊಳ್ಳಲು ಒಂದು ಗಂಟೆ ಕೊಟ್ಟರು. ಮೇಷ್ಟ್ರು ಅವನ ಮೈಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಓಡಿಸಿದರು, ಹುಣಸೆಹಣ್ಣು ಚೀಪಿಸಿ ಚೀಪಿಸಿ ಎಂಜಲು ಉಗುಳಿಸಿದರು, ಕೊನೆಗೆ ಕಾಗದ ಕತ್ತರಿಸುವ ಕತ್ತರಿಯಿಂದ ತಲೆಗೂದಲನ್ನೂ ತೆಗೆದರು. ಇನ್ನೂ ನೂರೈವತ್ತು ಗ್ರಾಂ ಉಳಿದಿದ್ದಾಗ ಗಂಟೆ ಮುಗಿಯಿತು. ಮೇಷ್ಟ್ರು ಎರಡನೆಯ ಹೆಸರು ಕೂಗಿದರು.

ಊರಿಗೆ ಬಂದ ಮಗನನ್ನು ಬೋರಪ್ಪ ಏನಾಯಿತೆಂದು ಕೇಳಿದ. "ಸಾರು ನನ್ನ ಹೆಸರು ತೆಗೆದು ಓಬುಲೇಶನ ಹೆಸರು ಕೊಟ್ರು," ಅಂದಿದ್ದ ಮಾರೇಶ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಆಮೇಲೆ ಅವನು ಇನ್ನೇನೂ ಹೇಳಲಿಲ್ಲ. ರಿಂಗಿಗೂ ಹೋಗಲಿಲ್ಲ. ಮೋಸಹೋದ ಬಾಕ್ಸರು ಎಂಬ ಹೆಸರು ಮಾತ್ರ ಅವನ ಜೊತೆ ಉಳಿಯಿತು. ಬಳ್ಳಾರಿಯಿಂದ ಮಾಲು ಕೊಳ್ಳಲು ಬಂದವರಿಗೆ ಶೆಡ್ಡಿನ ಮಾಲೀಕ ಇಂದಿಗೂ ಅವನನ್ನು ಆ ಹೆಸರಿನಿಂದಲೇ ತೋರಿಸುತ್ತಿದ್ದ.

ಆ ಸಂಜೆ ಮಾರೇಶನ ಹೆಂಡತಿ ರೇವತಿ ಜಗುಲಿಯ ಮೇಲೆ ಪ್ಯಾಂಟುಗಳ ಕಟ್ಟು ಬಿಚ್ಚಿಕೊಂಡು, ಹೊಲಿಗೆಯ ತುದಿಗೆ ಉಳಿದ ದಾರಗಳನ್ನು ಕತ್ತರಿಸುತ್ತಾ ಕೂತಿದ್ದಳು. ಮಗಳನ್ನು ಕರೆತರಲು ಹೋದವಳು ಅವಳೇ.

"ನಿಂಗೆ ಗೊತ್ತಿತ್ತಾ?" ಅಂದ ಮಾರೇಶ.

"ಅಲ್ಲಿಗೆ ಹೋದ್ಮೇಲೆ ಗೊತ್ತಾಯ್ತು. ಕರ್ಕಂಡು ಬರನ ಅಂತ ಹೋದೆ. ಇವಳು ಇವಳಿಗಿಂತ ಎರಡು ವರ್ಷ ದೊಡ್ಡೋಳ್ನ ಮೂಲೆಗೆ ತಳ್ಳಿ ಹೊಡೀತಾ ಇದ್ಲು. ನಾನು ಹಂಗೇ ನಿಂತ್ಕಂಡೆ." ಅವಳು ದಾರ ಕಚ್ಚಿ ತುಂಡರಿಸಿದಳು. "ಇಂಥ ಎಡಗೈ ಇಪ್ಪತ್ತು ವರ್ಷದಲ್ಲಿ ಎರಡನೇದು ನೋಡ್ತಾ ಇದೀನಿ ಅಂದ್ರು ಅವ್ರು. ಮೊದಲನೇದು ಯಾರ್ದು ಅಂತ ಹೇಳ್ಲಿಲ್ಲ."

ಮಾರೇಶ ಕೆಳಗೆ ಬಿದ್ದ ದಾರದ ತುಂಡುಗಳನ್ನು ಒಟ್ಟುಮಾಡಿದ.

"ನಮ್ಮಮ್ಮನ ಮನೇಲಿದ್ಕಂಡು ಮಡಕಶಿರದಲ್ಲಿ ಓದ್ಲಿ. ಹನ್ನೆರಡನೇ ತಾರೀಖು ಶಾಲೆ ಶುರು. ಆದ್ರೆ ಅವ್ರು ಒಂದು ಮಾತು ಅಂದವ್ರೆ."

"ಏನು?"

"ಆವತ್ತು ಏನಾಯ್ತು ಅಂತ ಇವರಪ್ಪ ಮೊದ್ಲು ಮನೇಲಿ ಬಾಯ್ಬಿಟ್ಟು ಹೇಳ್ಲಿ. ಕೇಳಿದ ಮೇಲೆ ಅಜ್ಜ ಅಜ್ಜೀನೇ ಹುಡುಗೀನ ಕರ್ಕಂಡು ಬರ್ಲಿ. ಅಲ್ಲೀಗಂಟ ಗ್ಲೌಸ್ ಕೊಡಲ್ಲ, ಅಂತ." ಅವಳು ಕತ್ತರಿ ಕೆಳಗಿಟ್ಟಳು. "ಏನ್ರೀ ಅದು?"

"ಏನಿಲ್ಲ."

"ಏನಿಲ್ಲದೇ ಇದ್ರೆ ಹೇಳಕ್ಕೇನು?"

"ಹಳೇ ಮಾತು ಬಿಡು," ಅಂದು ಮಾರೇಶ ಎದ್ದು ಒಳಗೆ ಹೋದ. ಒಳಗೆ ಮಾಡಲು ಏನೂ ಕೆಲಸವಿರಲಿಲ್ಲ. ಗಡಿಗೆಯ ಮುಚ್ಚಳ ತೆಗೆದು ನೀರು ನೋಡಿ ಮತ್ತೆ ಮುಚ್ಚಿದ.

ಮನೆಯಲ್ಲಿ ಜಗಳ ಮರುದಿನದಿಂದ ಶುರುವಾಯಿತು. ಅತ್ತೆ ಸೊಸೆ ಅಡಿಗೆಮನೆಯಲ್ಲಿ ಒಂದೇ ಒಲೆಯ ಎರಡು ಪಕ್ಕದಲ್ಲಿ ಕೂತು ಮಾತಾಡುತ್ತಿದ್ದರು, ಕೆಲಸ ನಿಲ್ಲುತ್ತಿರಲಿಲ್ಲ.

"ನಿಮ್ಮವ್ವಗ ಬುದ್ಧಿ ಇಲ್ಲೇನು? ಹೆಣ್ಣುಡುಗೀನ ಅಂಥವನ ಕೈಗೆ ಕೊಡೋದಾ?"

"ನಮ್ಮಮ್ಮನ್ನ ಯಾಕತ್ತೆ ಎಳೀತೀರಾ? ಅಲ್ಲಿ ಆರು ಜನ ಹುಡುಗೀರು ಕಲೀತಾವ್ರೆ. ಒಬ್ಬರಪ್ಪನೂ ಒಂದು ಕೆಟ್ಟ ಮಾತು ಅಂದಿಲ್ಲ."

"ಅವರ ಮಗನ ಬಾಳ್ವಿ ಕೆಡ್ಸಿಲ್ಲ, ಅದಕ್ಕ ಅಂದಿಲ್ಲ. ನನ್ನ ಮಗ ಇವತ್ತು ರೈಲ್ವೆ ಆಫೀಸಿನಾಗ ಕುರ್ಚಿ ಮ್ಯಾಲ ಕುಂದ್ರಬೇಕಿತ್ತು. ಬ್ಯಾರೆಯವರ ಚಡ್ಡಿ ಕತ್ತರಿಸ್ಕೊಂಡು ಅದಾನ."

"ಚಡ್ಡಿ ಅಲ್ಲತ್ತೆ, ಪ್ಯಾಂಟು."

"ಯಾವುದಾದ್ರೇನು, ಅವನಿಗೇನು ಉಡಾಕ ಕೊಡ್ತಾರೇನು?"

ಇಂಥ ಮಾತು ಬಂದಾಗಲೆಲ್ಲ ಇಬ್ಬರೂ ಮಾರೇಶನತ್ತ ನೋಡುತ್ತಿದ್ದರು. ಒಬ್ಬಳು ಹೌದೆನ್ನಲಿ ಎಂದು, ಇನ್ನೊಬ್ಬಳು ಅಲ್ಲವೆನ್ನಲಿ ಎಂದು. ಅವನು ಮಜ್ಜಿಗೆ ಸುರಿದುಕೊಂಡು ಅನ್ನ ಕಲಸುತ್ತಿದ್ದ.

ರಾಧಿಕಾ ಯಾರ ಕೂಡೆಯೂ ವಾದಕ್ಕೆ ಇಳಿಯಲಿಲ್ಲ. ಶೆಡ್ಡಿನ ಹಿಂದೆ ಬಿಸಾಡಿದ ಜೀನ್ಸ್ ಚಿಂದಿಗಳನ್ನು ಅಕ್ಕಿ ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಹಿತ್ತಲ ಬೇವಿನ ಕೊಂಬೆಗೆ ತೂಗುಹಾಕಿದಳು. ಕೈಗೆ ಹಳೆ ಸೀರೆಯ ಪಟ್ಟಿ ಸುತ್ತಿಕೊಂಡು ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಗುದ್ದುತ್ತಿದ್ದಳು. ಬೋರಪ್ಪ ಕುರಿಗಳಿಗೆ ಸೊಪ್ಪು ಹಾಕುವ ನೆಪದಲ್ಲಿ ಅಲ್ಲೇ ಸುಳಿದಾಡುತ್ತಿದ್ದ. ಮೂರನೆಯ ದಿನ, "ಹೊಡೆದ ಕೈ ಕೆಳಗ ಬಿಡ್ತಾಳ, ಮಾರಿ ಖಾಲಿ ಆಕ್ಕತಿ," ಎಂದು ಕುರಿಗೆ ಹೇಳುವವನಂತೆ ಹೇಳಿದ. ಹುಡುಗಿ ಕೈ ಎತ್ತಿ ಹಿಡಿದಳು. ಮಾರೇಶ ಅದನ್ನು ಕಿಟಕಿಯಿಂದ ನೋಡಿದ. ಎಡಗೈ ಭುಜದಿಂದ ಹೊರಡುವ ಮೊದಲೇ ಹಿಮ್ಮಡಿ ತಿರುಗುತ್ತಿತ್ತು. ಅದು ಯಾರೋ ಹೇಳಿಕೊಟ್ಟು ಬರುವುದಲ್ಲ.

ಆರನೆಯ ದಿನ ಶೆಡ್ಡಿನಿಂದ ಬರುವಾಗ ಬಸ್‌ಸ್ಟ್ಯಾಂಡಿನ ಬಳಿ ಓಬುಲೇಶ ಸಿಕ್ಕ. ಅವನು ತನ್ನ ಆಟೋದ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಂಡಕ್ಕಿ ತಿನ್ನುತ್ತಿದ್ದ. ಅವನ ಎಡಗಣ್ಣು ಮಂಜಾಗಿತ್ತು. ಐವತ್ತನಾಲ್ಕು ಕಿಲೋ ಇದ್ದವನು ಆ ದಿನ ತಯಾರಿಯಿಲ್ಲದೆ ಐವತ್ತೇಳರವರ ಎದುರು ಇಳಿದು, ಮೊದಲ ಸುತ್ತಿನಲ್ಲೇ ಬಿದ್ದು ಬಂದಿದ್ದ. ದುಡ್ಡು ಕೊಟ್ಟು ಹೊಡೆತ ತಿಂದವನು ಎಂದು ಊರು ನಕ್ಕಿತ್ತು. ಅವನೂ ಮತ್ತೆ ರಿಂಗಿನ ಕಡೆ ತಲೆ ಹಾಕಲಿಲ್ಲ.

"ಮಗಳು ಕೈ ಮಾಡಾಕ ಕಲ್ತಾಳಂತಲ್ಲಪ," ಅಂದ ಓಬುಲೇಶ.

"ಯಾರು ಹೇಳಿದ್ರು?"

"ನಿಮ್ಮವ್ವ. ನಿನ್ನೆ ನನ್ನ ಆಟೋ ಬಿಟ್ಟು ಹಿಂದಿನ ಆಟೋ ಹತ್ತಿದ್ಳು. ಹತ್ತುವಾಗ ನನಗ ಕೇಳ್ಲಿ ಅಂತ ಬೈದ್ಳು. ಬೈಗುಳದಾಗ ಎಲ್ಲಾ ಸುದ್ದಿ ಇತ್ತು."

ಮಾರೇಶ ನಗಲು ನೋಡಿದ, ಆಗಲಿಲ್ಲ. "ನೀ ಯಾಕ ಆ ತೂಕದ ಮಾತು ಯಾರಿಗೂ ಹೇಳಲಿಲ್ಲ?" ಅಂದ. ಆ ಪ್ರಶ್ನೆಯನ್ನು ಅವನು ಇದೇ ಮೊದಲು ಕೇಳುತ್ತಿದ್ದುದು.

ಓಬುಲೇಶ ಮಂಡಕ್ಕಿಯ ಪೊಟ್ಟಣ ಮಡಿಚಿ ಜೇಬಿಗಿಟ್ಟುಕೊಂಡ. "ಹೇಳಿದ್ನಲ್ಲ, ನಮ್ಮಪ್ಪಗ ಹೇಳಿದೆ. ಅಂಗಡಿ ಮುಂದ ನಾಕು ಮಂದಿಗೆ ಹೇಳಿದೆ. ಸೋತು ಬಂದವನ ಮಾತು ಯಾರು ನಂಬ್ತಾರ? ನೀ ಹೇಳಬೇಕಿತ್ತು." ಅವನು ಮುಂದಿನ ಸೀಟಿಗೆ ಬಂದು ಕೂತ. "ಪೋನೀಲೇ, ಹೋಗ್ಲಿ ಬಿಡು. ಹತ್ತು, ಮನೀತಂಕ ಬಿಡ್ತೀನಿ."

"ಬ್ಯಾಡ, ನಡೀತೀನಿ."

"ನಿಮ್ಮವ್ವ ನೋಡ್ತಾಳಂತನಾ?" ಅಂದ ಓಬುಲೇಶ. ಮಾರೇಶ ಆಗಲೇ ನಡೆಯತೊಡಗಿದ್ದ.

ಮನೆಗೆ ಬಂದಾಗ ಬೇವಿನ ಕೊಂಬೆಯ ಹಗ್ಗ ಮಾತ್ರ ನೇತಾಡುತ್ತಿತ್ತು. ಉಜ್ಜಿನಮ್ಮ ಚೀಲ ಕೊಯ್ದು ಚಿಂದಿಗಳನ್ನೆಲ್ಲ ನೀರೊಲೆಗೆ ತುಂಬಿದ್ದಳು. ಹಿತ್ತಲಿಡೀ ಸುಟ್ಟ ಬಟ್ಟೆಯ ನಾತ. ರಾಧಿಕಾ ಅಂದು ಊಟಕ್ಕೆ ಏಳಲಿಲ್ಲ. ಮರುದಿನವೂ ಏಳಲಿಲ್ಲ.

"ಉಪಾಸ ಬಿದ್ರ ಹೆದರ್ತೀನಂತ ತಿಳ್ದಾಳ," ಅಂದಳು ಉಜ್ಜಿನಮ್ಮ, ಆದರೆ ಹುಡುಗಿಯ ತಟ್ಟೆಯಲ್ಲಿ ಮುಚ್ಚಿಟ್ಟದ್ದನ್ನು ಮೂರು ಸಲ ಹೋಗಿ ನೋಡಿ ಬಂದಳು. ಕೊನೆಗೆ ಸಿಟ್ಟು ತಿರುಗಿದ್ದು ಮಡಕಶಿರದ ಕಡೆಗೆ. "ಮಗನ್ನ ತಿಂದ. ಈಗ ಮೊಮ್ಮಗಳಿಗೆ ಮದ್ದು ಹಾಕ್ಯಾನ. ನಾನೇ ಹೋಗ್ತೀನಿ. ಅವನ ಬಾಗ್ಲಾಗ ಇನ್ನೊಮ್ಮಿ ಮಣ್ಣು ತೂರಿ ಬಂದ್ರನ ಇದು ನಿಲ್ಲೋದು."

ಬಾಯಿಮಾತು ಎಂದುಕೊಂಡರು ಎಲ್ಲರೂ. ಆದರೆ ಮರುದಿನ ಬೆಳಿಗ್ಗೆ ಆರೂವರೆಗೆ ಅವಳು ಮಿಂದು, ಗಟ್ಟಿ ಸೀರೆ ಉಟ್ಟು, ಎರಡು ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೊಸ್ತಿಲ ಬಳಿ ನಿಂತಿದ್ದಳು. ಸೆರಗಿನ ತುದಿಯಲ್ಲಿ ಗಂಟಿತ್ತು. ಕುರಿಹಟ್ಟಿಯ ಮಣ್ಣು.

"ಕಲ್ಯಾಣದುರ್ಗದ ಬಸ್ಸು ಏಳಕ್ಕ ಐತಲ್ಲ?" ಅಂದಳು ಮಗನಿಗೆ.

"ಯವ್ವ, ಕುಂದ್ರು," ಅಂದ ಮಾರೇಶ.

"ಬಸ್ಸು ತಪ್ತೈತಿ."

"ತಪ್ಪಲಿ. ಕುಂದ್ರು ನೀ." ಅವನು ಬಾಗಿಲಿಗೆ ಅಡ್ಡ ಬಂದು ನಿಂತ. "ಸಾರು ದುಡ್ಡು ತಿಂದಿಲ್ಲ. ನನ್ನ ತೂಕ ಜಾಸ್ತಿ ಆಗಿತ್ತು. ಅದಕ್ಕ ನನ್ನ ಹೊರಗ ಹಾಕಿದ್ರು."

ರೇವತಿ ಕೈಯಲ್ಲಿದ್ದ ಬಿಂದಿಗೆ ಇಳಿಸಿದಳು. ಬೋರಪ್ಪ ಜಗುಲಿಯಿಂದ ಒಳಗೆ ಬಂದ. ಮಾರೇಶ ನಿಂತಲ್ಲೇ ನಿಂತು ಎಲ್ಲವನ್ನೂ ಹೇಳಿದ. ಹರಕೆಯ ಊಟದ ಎರಡು ಮುದ್ದೆ, ಪ್ಲಾಸ್ಟಿಕ್ ಹಾಳೆ, ಹುಣಸೆಹಣ್ಣು, ಕತ್ತರಿ, ಮುಗಿದ ಒಂದು ಗಂಟೆ. ಹೇಳಲು ಐದು ನಿಮಿಷವೂ ಹಿಡಿಯಲಿಲ್ಲ.

"ಎಷ್ಟು ಜಾಸ್ತಿ ಆಗಿತ್ತು?" ಕೇಳಿದಳು ಉಜ್ಜಿನಮ್ಮ.

"ನಾನೂರು ಗ್ರಾಂ."

"ಅಂದ್ರ ಎಷ್ಟು?"

"ಒಂದು ಮುದ್ದಿ. ಮ್ಯಾಲೊಂದು ಸೌಟು ಸಾರು."

ಅವಳು ಒಲೆಯ ಕಡೆ ನೋಡಿದಳು. "ಎರಡನೇ ಮುದ್ದಿ ನಾನು ಇಟ್ಟೆನೋ, ನೀನು ಕೇಳಿದ್ಯೋ?"

ನೀನೇ ಇಟ್ಟೆ ಎಂದರೆ ಅವಳು ನಂಬುತ್ತಿದ್ದಳು. ಅಷ್ಟು ವರ್ಷದ ಹಿಂದಿನ ಒಂದು ಊಟ ಯಾರಿಗೆ ನೆನಪಿರುತ್ತದೆ.

"ನಾನು ಕೇಳಿದೆ," ಅಂದ ಮಾರೇಶ. "ಹಸಿವಿತ್ತು. ಒಂದು ತುತ್ತು ತಿಂದು ಏಳಬಹುದಿತ್ತು. ಏಳಲಿಲ್ಲ."

ಬೋರಪ್ಪ ಗೋಡೆಗೆ ಕೈಯೂರಿದ. "ಸಾಲ್ಯಾಗ ನಾನು ಅವನಿಗೆ ಹೊಡೆದಾಗ ನೀ ಅಲ್ಲೇ ಇದ್ಯಲ್ಲೋ."

"ಇದ್ದೆ."

"ಮೂರನೇ ಸಾಲಿನ ಹಿಂದ ನಿಂತಿದ್ದಿ. ನಾ ನೋಡೀನಿ ನಿನ್ನ."

"ನಿಂತಿದ್ದೆ ಅಪ್ಪ."

ಮುದುಕ ಹೆಗಲ ಟವೆಲು ಕೊಡವಿಕೊಂಡು ಕುರಿಹಟ್ಟಿಯ ಕಡೆ ನಡೆದ. ಉಜ್ಜಿನಮ್ಮ ಹಿತ್ತಲಿಗೆ ಹೋಗಿ ಸೆರಗಿನ ಗಂಟು ಬಿಚ್ಚಿ ಮಣ್ಣು ಸುರಿದಳು, ಕೈ ತೊಳೆದಳು, ಸೀರೆ ಬದಲಿಸಿ ಬಂದು ಹಿಟ್ಟು ನಾದಲು ಕೂತಳು. ರಾಧಿಕಾ ಎರಡು ದಿನದ ಮೇಲೆ ಆ ಹೊತ್ತು ಉಂಡಳು. ಉಣ್ಣುತ್ತಾ ತಂದೆಯನ್ನು ಒಂದೇ ಮಾತು ಕೇಳಿದಳು. "ಇನ್ನೊಂದು ಅರ್ಧ ಗಂಟಿ ಕೊಟ್ಟಿದ್ರ ಆಗ್ತಿತ್ತಾ ಅಪ್ಪ?"

"ಆಗ್ತಿತ್ತೇನೋ."

ಆಮೇಲಿನ ಎಂಟು ದಿನ ಮನೆಯಲ್ಲಿ ಜಗಳವೇ ಇರಲಿಲ್ಲ. ಇದ್ದಿದ್ದರೆ ಚೆನ್ನಿತ್ತು ಅನ್ನಿಸುತ್ತಿತ್ತು ಮಾರೇಶನಿಗೆ. ಬೋರಪ್ಪ ಊಟಕ್ಕೆ ಮಾತ್ರ ಬಂದು, ಮಲಗಲು ಹಟ್ಟಿಗೆ ಹೋಗುತ್ತಿದ್ದ. ಉಜ್ಜಿನಮ್ಮ ಎಲ್ಲರಿಗೂ ಕೈಯಾರೆ ಬಡಿಸುವಳು, ಮಗನ ಮುಂದೆ ಮಾತ್ರ ಪಾತ್ರೆ ತಂದಿಟ್ಟು, "ಬೇಕಾದಷ್ಟು ಹಾಕ್ಕೊ," ಎಂದು ಎದ್ದು ಹೋಗುವಳು. ಎಷ್ಟು ಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಹಾಕಿಕೊಂಡದ್ದು ಯಾವಾಗಲೂ ಕಡಿಮೆಯಾಗುತ್ತಿತ್ತು.

ಬೋರಪ್ಪ ಹಟ್ಟಿಯಲ್ಲಿ ಯಾರಿಗೆ ಹೇಳಿಕೊಂಡನೋ, ನಾಲ್ಕು ದಿನದಲ್ಲಿ ಸುದ್ದಿ ಶೆಡ್ಡಿಗೂ ಬಂತು. "ಹಂಗಾರ ಉಂಡು ಸೋತವನಾ ನೀನು," ಎಂದು ಕಟಿಂಗ್ ಮಾಸ್ಟರ್ ಗೋಪಣ್ಣ ಮೇಜಿನ ಆ ಬದಿಯಿಂದ ನಕ್ಕ. ಮರುದಿನದಿಂದ ಹುಡುಗರು ಅವನಿಗೆ ಮುದ್ದೆ ಬಾಕ್ಸರು ಅನ್ನತೊಡಗಿದರು. ಬಳ್ಳಾರಿಯವರು ಬಂದಾಗ ಮಾಲೀಕ ಅವನನ್ನು ತೋರಿಸಲಿಲ್ಲ. ಅವರಿಗೆ ಬಟ್ಟೆಯನ್ನು ಮಾತ್ರ ತೋರಿಸಿದ.

"ನಂಗಾದ್ರೂ ಹೇಳಬಹುದಿತ್ತು," ಅಂದಳು ರೇವತಿ ಒಂದು ದಿನ, ಬಟ್ಟೆ ಹಿಂಡುತ್ತಾ. ಅವನು ಇನ್ನೊಂದು ತುದಿ ಹಿಡಿದು ನಿಂತಿದ್ದ. "ಮೇಷ್ಟ್ರ ಹೆಂಡ್ತಿ ಸತ್ತ ಸುದ್ದೀನೂ ಕೇಳ್ಕಂಡು ಸುಮ್ನಿದ್ರಲ್ಲ."

"ಹೆಂಗ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ."

"ಮೊನ್ನೆ ಹೇಳಿದ್ರಲ್ಲ, ಹಂಗೇ."

ಜೂನ್ ಹತ್ತರ ಬೆಳಿಗ್ಗೆ ಉಜ್ಜಿನಮ್ಮ ತಾನೇ ಮಗನ ಹತ್ತಿರ ಬಂದಳು. "ಹುಡುಗೀ ಟೀಸಿ ತಂದೀಯೇನು?"

"ಇಲ್ಲ."

"ಇವತ್ತು ತಗೊಂಡು ಬಾ. ನಾಳಿ ಹೋಗಾಣು. ನಿಮ್ಮಪ್ಪನೂ ಬರ್ತಾನ." ಅಷ್ಟು ಹೇಳಿ ಹಟ್ಟಿಯ ಕಡೆ ಹೋದಳು. ಬೋರಪ್ಪನಿಗೆ ಆ ವಿಷಯ ತಿಳಿದದ್ದೇ ಆಗ.

ಪ್ಯಾಂಟಿನ ಕಟ್ಟು ಮುಗಿಸಿ ಕೊಡಬೇಕೆಂದು ರೇವತಿ ಊರಲ್ಲೇ ಉಳಿದಳು. ಮರುದಿನ ಉಳಿದ ನಾಲ್ವರು ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಮಡಕಶಿರ ಸೇರುವಾಗ ಹನ್ನೊಂದೂವರೆ. ದಾರಿಯಿಡೀ ಮಾತಾಡಿದವಳು ರಾಧಿಕಾ ಒಬ್ಬಳೇ. ಮುಚ್ಚಿಹೋದ ಕಡಲೆಕಾಯಿ ಮಿಲ್ಲಿನ ಹಿಂದೆ ತಗಡಿನ ಶೆಡ್ಡು, ಎರಡು ತೂಗುಚೀಲ, ನೆಲದ ಮೇಲೆ ಸುಣ್ಣದಲ್ಲಿ ಬರೆದ ಚೌಕ. ಪಕ್ಕದಲ್ಲಿ ಒಂದೇ ಕೋಣೆಯ ಮನೆ. ಲಕ್ಷ್ಮೀನರಸಪ್ಪ ತುಂಬ ಸೊರಗಿದ್ದರು. ಕೊರಳಲ್ಲಿ ಪೀಪಿ ಮಾತ್ರ ಹಾಗೇ ಇತ್ತು.

ಬೋರಪ್ಪ ಕೆರಗಳನ್ನು ಗೇಟಿನ ಹೊರಗೇ ಬಿಟ್ಟು, ಸುಡುವ ನೆಲದ ಮೇಲೆ ಬರಿಗಾಲಲ್ಲಿ ಬಂದು ನಿಂತ. ಕೈ ಮುಗಿದ. "ನನ್ನಿಂದ ತಪ್ಪಾತ್ರಿ," ಅಂದ. ಬಸ್ಸಿನಲ್ಲಿ ಇನ್ನೂ ಏನೇನೋ ಜೋಡಿಸಿಕೊಂಡಿದ್ದಿರಬೇಕು, ಹೊರಬಂದದ್ದು ಅಷ್ಟೇ.

"ಕಾಲು ಸುಡ್ತೈತೆ, ನೆರಳಿಗೆ ಬನ್ನಿ," ಅಂದರು ಮೇಷ್ಟ್ರು. ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ಎಳೆದು ತಂದು ಅವನ ತೋಳು ಹಿಡಿದು ಕೂರಿಸಿದರು.

ಉಜ್ಜಿನಮ್ಮ ಆಗಲೇ ಕೋಣೆಯ ಬಾಗಿಲಲ್ಲಿದ್ದಳು. ಗೋಡೆಯ ಮೇಲೆ ಮಂಜುಳಮ್ಮನ ಫೋಟೋ ಇತ್ತು. "ಈ ತಾಯೀಗೆ ನಾನು ಏನಂತ ಹೇಳ್ಲಿ?"

"ಅವಳಿಗೆ ರಾಯದುರ್ಗದಲ್ಲಿದ್ದಾಗ್ಲೇ ಲಿವರ್ ಕೆಟ್ಟಿತ್ತು ಕಣಮ್ಮ. ನೀವು ಬರಕ್ಕೆ ಮೊದ್ಲೇ ಡಾಕ್ಟ್ರು ಹೇಳಿದ್ರು. ನಿಮ್ಮ ಮಣ್ಣಿಂದ ಏನೂ ಆಗ್ಲಿಲ್ಲ."

ಉಜ್ಜಿನಮ್ಮ ತಲೆಯಾಡಿಸಿದಳು, ನಂಬಿದಳೋ ಇಲ್ಲವೋ ಹೇಳುವುದು ಕಷ್ಟ. ಮೂಲೆಯ ಬಚ್ಚಲಲ್ಲಿ ಎರಡು ದಿನದ ಎಂಜಲು ಪಾತ್ರೆಗಳು ರಾಶಿ ಬಿದ್ದಿದ್ದವು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಅವುಗಳ ಮುಂದೆ ಕೂತಳು. ಮೇಷ್ಟ್ರು ಒಂದು ಹೆಜ್ಜೆ ಮುಂದಿಟ್ಟು, ತಡೆಯದೆ, ಹಿಂದಿರುಗಿದರು.

ಮಾರೇಶ ಗೇಟಿನ ಒಳಗೆ ನಿಂತಲ್ಲೇ ನಿಂತಿದ್ದ.

"ಸಾರ್, ನಾನು ಆವತ್ತು..."

"ಅದು ಗೊತ್ತು. ನಿಮ್ಮಪ್ಪ ಹೊಡೆದಾಗ ನಾನೇ ಸುಮ್ನಿದ್ದೆ. ದೇವರ ಊಟ ಉಣಿಸಿ ನೀನೇ ಮಗನ್ನ ಸೋಲಿಸ್ದೆ ಅಂತ ಹೆತ್ತೋಳಿಗೆ ಹೇಳೋದು ಹೆಂಗೆ ಅಂತ. ನೀನೇ ಹೇಳ್ತೀಯ, ಇವತ್ತಲ್ಲ ನಾಳೆ, ಅಂದ್ಕಂಡೆ." ಅವರು ಪೀಪಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. "ಅದನ್ನೂ ಬಿಡು. ಮರುವರ್ಷ ನಾನು ಇಲ್ಲಿಗೆ ಬಂದ ಮೇಲೂ ಜಿಲ್ಲೆ ಪಟ್ಟೀಲಿ ನಿನ್ನ ಹೆಸರೇ ಮೊದ್ಲು ಬರೆಸಿದ್ದೆ.  ಅನಂತಪುರದ ಬಸ್‌ಸ್ಟ್ಯಾಂಡಲ್ಲಿ ಬೆಳಿಗ್ಗೆ ಆರರಿಂದ ಹತ್ತರವರೆಗೆ ಕಾದೆ. ರಾಯದುರ್ಗದ ಮೂರು ಬಸ್ಸು ಬಂತು. ನೀನು ಇಳೀಲಿಲ್ಲ."

ಮಾರೇಶ ಗೇಟಿನ ಚಿಲಕ ಹಿಡಿದುಕೊಂಡ.

"ಓಬುಲೇಶನ ಕೈಲಿ ಹೇಳಿ ಕಳಿಸಿದ್ದೆ ನಾನು. ಸಾರು ಸಿಟ್ಟಾಗಿಲ್ಲ, ಬರಕ್ಕೇಳು ಅಂತ. ಆ ನನ್ಮಗ ಹೊಟ್ಟೆಕಿಚ್ಚಿಗೆ ನಿಂಗೆ ಹೇಳೇ ಇಲ್ಲ ಅಂತ ಇಷ್ಟು ವರ್ಷ ಅವನ ಮೇಲೆ ಕೋಪ ನಂಗೆ. ಎರಡು ಸಲ ಇಲ್ಲೀಗಂಟ ಬಂದಿದ್ದ. ಬಾಗ್ಲಿಂದ್ಲೇ ಕಳಿಸ್ದೆ."

ಒಳಗೆ ಪಾತ್ರೆ ತಿಕ್ಕುವ ಸದ್ದು ನಿಂತಿತು. ಬೋರಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಇಲ್ಲ, ಅವನು ಹೇಳಲಿಲ್ಲ ಎಂದರೆ ಮುಗಿಯುತ್ತಿತ್ತು. ತಲೆ ಅಲ್ಲಾಡಿಸಿದರೂ ಸಾಕಾಗುತ್ತಿತ್ತು.

"ಹೇಳಿದ್ದ ಸಾರ್," ಅಂದ ಮಾರೇಶ. "ಹಟ್ಟಿಗೇ ಬಂದು ಹೇಳಿದ್ದ. ಬಸ್ ಚಾರ್ಜೂ ಕೊಟ್ಟು ಹೋದ."

ಲಕ್ಷ್ಮೀನರಸಪ್ಪ ಅವನನ್ನು ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ವಯಸ್ಸು ಮಾತ್ರ ಇತ್ತು. ಆಮೇಲೆ ಅವನಿಂದ ಮುಖ ತಿರುಗಿಸಿ, "ರಾಧಿಕಾ," ಎಂದು ಕರೆದರು. "ಗ್ಲೌಸ್ ಒಳಗೈತೆ, ಮೊಳೆಗೆ ನೇತಾಕಿದೀನಿ. ತಗಂಡು ಬಾ." ಮಾರೇಶನಿಗೆ, "ನೀನು ಹೊರಗಿರು," ಅಂದರು. ಗಡಸಾಗಿ ಅನ್ನಲಿಲ್ಲ.

ಮಾರೇಶ ಗೇಟು ದಾಟಿ ಮಿಲ್ಲಿನ ಗೋಡೆಯ ನೆರಳಿಗೆ ಬಂದ. ಒಳಗಿನಿಂದ ಮೇಷ್ಟ್ರು ಎಣಿಸುವ ಸದ್ದು, ಚೀಲಕ್ಕೆ ಬೀಳುವ ಏಟಿನ ಸದ್ದು, ನಡುನಡುವೆ ಅಪ್ಪ ಏನೋ ಹೇಳಿದ್ದು ಕೇಳಿಸಿತು. ಫೋನು ತೆಗೆದು ಓಬುಲೇಶನ ನಂಬರು ಹುಡುಕಿದ. ಅದು ಅವನ ಫೋನಿನಲ್ಲಿ ಇರಲಿಲ್ಲ. ಒಂದೇ ಊರಲ್ಲಿದ್ದು, ಇಷ್ಟು ವರ್ಷ ಬೇಕಾಗಿರಲಿಲ್ಲ. ರೇವತಿಗೆ ಮಾಡಿ ಕೇಳಿದ. ಪಕ್ಕದ ಮನೆಯವರನ್ನು ವಿಚಾರಿಸಿ ಅವಳು ನಂಬರು ಹೇಳುವವರೆಗೆ ಗೋಡೆಗೆ ಒರಗಿ ನಿಂತಿದ್ದ.

"ಯಾರು?" ಅಂದ ಓಬುಲೇಶ, ಎಂಜಿನ್ ಸದ್ದಿನ ನಡುವೆ.

"ನಾನು, ಮಾರೇಶ. ಮಡಕಶಿರದಾಗ ಅದೀನಿ. ಸಾರ್ ಮನಿ ಮುಂದ."

"ಕೇಳಸವಲ್ದು. ಎಲ್ಲಿ?"

"ಸಾರ್ ಮನಿ ಮುಂದ. ನಿನಗ ಒಂದು ಮಾತು ಹೇಳಬೇಕಿತ್ತು."

ಆ ಕಡೆ ಎಂಜಿನ್ ನಿಂತಿತು.

"ಈಗ ಹೇಳು," ಅಂದ ಓಬುಲೇಶ.